ಕೋಳಿ ಮಹಜರು

"ದೂರ ನಿಂತ್ಕಂಡು ಮಾತಾಡ್ಲಾ ಬೋಳಿಮಗನೆ. ಕುರಿ ಹಿಕ್ಕೆ ವಾಸ್ನೆ ಹೊಡೀತೈತೆ ಮೈಯಾಗೆ. ಫೈಲಿಗೆ ಅಂಟ್ಕಂಡ್ರೆ ಯಾರು ತೊಳೆಯೋರು?"

ಹಾಗಂದವರು ತಾಲ್ಲೂಕು ಕಚೇರಿಯ ರೆವಿನ್ಯೂ ಇನ್ಸ್‌ಪೆಕ್ಟರು, ಜನರ ಬಾಯಲ್ಲಿ ಆರೈ ಸಾಹೇಬರು. ಅನ್ನಿಸಿಕೊಂಡವನು ಬಿ.ಎ. ಪಾಸಾದ ಮುದ್ದಪ್ಪ. ಐ.ಡಿ.ಹಳ್ಳಿಯಿಂದ ಆಚೆಗೆ ಎರಡು ಮೈಲಿ ನಡೆದರೆ ಸಿಗುವ ಗೊಲ್ಲರ ಹಟ್ಟಿಯಲ್ಲಿ ಹುಟ್ಟಿ, ರಜೆ ಬಂದಾಗಲೆಲ್ಲ ಕುರಿ ಕಾಯ್ದು, ತುಮಕೂರಿನಲ್ಲಿ ಸೆಕೆಂಡ್ ಕ್ಲಾಸಿನಲ್ಲಿ ಡಿಗ್ರಿ ಮುಗಿಸಿದ್ದ. ಅಷ್ಟು ಓದಿದವನು ಈ ಮಾತಿಗೆ ಏನು ಮಾಡಿದ ಅನ್ನುತ್ತೀರಿ? ಎರಡು ಹೆಜ್ಜೆ ಹಿಂದಕ್ಕೆ ಸರಿದು, ತನ್ನ ತೋಳನ್ನೇ ಮೂಗಿಗೆ ಹಿಡಿದು ಮೂಸಿ ನೋಡಿಕೊಂಡ. ವಾಸನೆ ಇತ್ತು. ಬೆಳಿಗ್ಗೆ ಎರಡು ಸಲ ಸೋಪು ಹಚ್ಚಿ ಮಿಂದಿದ್ದರೂ ಇತ್ತು. ಸರ್ಕಾರ ಸುಳ್ಳು ಹೇಳುವುದಿಲ್ಲವಲ್ಲ ಎಂದು ಅವನಿಗೆ ಒಂಥರಾ ಸಮಾಧಾನವೂ ಆಯಿತು.

ಅವನಿಗೆ ಬೇಕಾಗಿದ್ದು ಒಂದೇ ಒಂದು ಕಾಗದ. ಮೈಸೂರಿನಲ್ಲಿ ಜಾನಪದ ಎಂ.ಎ. ಎಂಬ ಓದು ಇದೆ, ಹಿಂದುಳಿದವರಿಗೆ ಸೀಟೂ ಇದೆ ಹಾಸ್ಟೆಲೂ ಇದೆ ಎಂದು ಕಾಲೇಜಿನ ಮೇಷ್ಟ್ರು ಮರುಳಸಿದ್ದಯ್ಯನವರು ಹೇಳಿ, ಅರ್ಜಿಯನ್ನೂ ತಾವೇ ತರಿಸಿಕೊಟ್ಟಿದ್ದರು. ಅರ್ಜಿಯ ಜೊತೆಗೆ ತಾನು ಕಾಡುಗೊಲ್ಲ ಎಂಬ ಸರ್ಟಿಫಿಕೇಟು ಇರಬೇಕು. ಎಲ್ಲವೂ ಜುಲೈ ಮೂವತ್ತರೊಳಗೆ ಮೈಸೂರು ಮುಟ್ಟಬೇಕು. ಅಂದರೆ ಇಪ್ಪತ್ತೇಳನೇ ತಾರೀಕಿನ ಟಪಾಲು ತಪ್ಪಬಾರದು.

ಅವ್ವ ಕ್ಯಾತಮ್ಮನಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ಅವನು ಆಗಲೇ ಫೇಲಾಗಿದ್ದ. ಏನು ಓದುತ್ತೀಯ ಎಂದಳು. ಹಾಡು, ಕತೆ, ಗಾದೆ ಎಂದ. ಯಾರ ಹಾಡು ಎಂದಳು. ನೀನು ಹೇಳುತ್ತೀಯಲ್ಲ ಅಂಥವೇ ಎಂದ. ಕ್ಯಾತಮ್ಮ ಬೀಸುವ ಕಲ್ಲು ನಿಲ್ಲಿಸಿ ಮಗನ ಮುಖವನ್ನೇ ನೋಡಿ, "ಅದ್ನ ಕಲ್ಯಾಕೆ ಮೈಸೂರಿಗಂಟ ಯಾಕ್ಲಾ ಓಗ್ತೀಯ? ಇಲ್ಲೇ ಕುಂತ್ಕ, ನನ್ ಕೂಡೆ ಒಂದು ಸೇರು ರಾಗಿ ಬೀಸು" ಎಂದಳು. ಬಿ.ಎ. ಪಾಸಾದವನು ಕುಳಿತು ಬೀಸಿದ. ಆದರೂ ಆ ಸೀಟು ಅವನಿಗೆ ಬೇಕಾಗಿತ್ತು. ಹಸಿದವನಿಗೆ ಮುದ್ದೆ ಬೇಕಾದಷ್ಟು ಬೇಕಾಗಿತ್ತು. ಹಟ್ಟಿಯಿಂದ ಅಷ್ಟು ದೂರ ಓದಲು ಹೋದವರು ಒಬ್ಬರೂ ಇರಲಿಲ್ಲ. ಸೀಟು ತಪ್ಪಿದರೆ ಮಾರನೇ ದಿನದಿಂದ ದೊಡ್ಡಪ್ಪನ ಕುರಿಯ ಹಿಂದೆ ಕೋಲು ಹಿಡಿದು ಹೋಗಬೇಕು. ಕುರಿ ಕಾಯುವುದು ಕೀಳಲ್ಲ, ಅದು ಅವನಿಗೂ ಗೊತ್ತು. ಕುರಿಗಳೇ ನಕ್ಕಾವು ಅನ್ನುವ ಭಯ ಅಷ್ಟೇ.

ಆರೈ ಸಾಹೇಬರು ಅವನ ಪ್ಯಾಂಟು ಶರಟು ನೋಡಿ ನಕ್ಕರು. ಇಸ್ತ್ರಿ ಮಾಡಿದ ಗೊಲ್ಲನನ್ನು ತಾವು ಎಲ್ಲಿಯೂ ಕಂಡಿಲ್ಲವೆಂದೂ, ಹಟ್ಟಿಗೇ ಬಂದು ಕಣ್ಣಾರೆ ನೋಡಿ ಮಹಜರು ಬರೆಯದೆ ಸಹಿ ಹಾಕಲಾಗುವುದಿಲ್ಲವೆಂದೂ ಹೇಳಿದರು. ಬರುವ ಭಾನುವಾರ ಬರುತ್ತಾರಂತೆ. ನಾಟಿ ಕೋಳಿ ಸಾರು ಮಾಡಿಸಿರಬೇಕಂತೆ.

"ಆಗ್ಲಿ ಸ್ವಾಮಿ" ಅಂದುಬಿಟ್ಟ ಮುದ್ದಪ್ಪ.

ಬಸ್ಸು ಹತ್ತಿ ಅರ್ಧ ದಾರಿ ಬಂದ ಮೇಲೆ ಅವನಿಗೆ ಹಟ್ಟಿಯ ಕಾನೂನು ನೆನಪಾಯಿತು. ಹಟ್ಟಿಯ ಮುಳ್ಳುಬೇಲಿಯೊಳಗೆ ಹಿರೀಕರ ಕಾಲದಿಂದ ಕೋಳಿ ಕಾಲಿಟ್ಟಿಲ್ಲ. ಸಾಕುವುದಿಲ್ಲ, ಮುಟ್ಟುವುದಿಲ್ಲ, ತಿನ್ನುವ ಮಾತಂತೂ ದೂರ. ಚಪ್ಪಲಿಗೂ ಇದೇ ಕಾನೂನು, ಬೇಲಿಯ ಹೊರಗೇ ಬಿಟ್ಟು ಬರಬೇಕು. ಕುರಿ ಕಡಿಯುತ್ತೇನೆ ಸ್ವಾಮಿ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಮೂರು ವರ್ಷ ಓದಿ ಅವನು ಚೆನ್ನಾಗಿ ಕಲಿತಿದ್ದು ಆಗ್ಲಿ ಸ್ವಾಮಿ ಅನ್ನುವುದೊಂದನ್ನೇ.

ಅವನನ್ನು ಕಾಪಾಡಲು ಮುಂದೆ ಬಂದವನು ಸಿರಾದ ಮುಕ್ತಾರ್. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು ಹಟ್ಟಿಯ ಕುರಿ ವ್ಯಾಪಾರ ಮಾಡುವವನು. ಕೋಳಿ ತಾನೇ ತರುತ್ತೇನೆ, ಕುಯ್ಯುವುದು ಬೇಯಿಸುವುದು ಬಡಿಸುವುದು ಎಲ್ಲಾ ತನ್ನದೇ, ಪಾತ್ರೆಯೂ ತನ್ನ ಮನೆಯದೇ, ಒಲೆ ಹೂಡುವುದು ಬೇಲಿಯಿಂದ ನೂರು ಮಾರು ಆಚೆ ಹೊಂಗೆಮರದ ಕೆಳಗೆ ಎಂದು ಧೈರ್ಯ ಹೇಳಿದ. "ನೀನು ಸುಮ್ಕೆ ನಿಂತ್ಕೊ ಭಾಯ್. ಕೋಳೀನೂ ನಂದು, ಪಾಪಾನೂ ನಂದು" ಅಂದ. ಇಷ್ಟು ಒಳ್ಳೆಯ ಏರ್ಪಾಡು ಯಾವ ಸರ್ಕಾರಕ್ಕೂ ಹೊಳೆಯುತ್ತಿರಲಿಲ್ಲ.

ಭಾನುವಾರ ಮುಕ್ತಾರ್ ಬಂದ. ಹ್ಯಾಂಡಲಿಗೆ ಕಾಲು ಕಟ್ಟಿದ ಹುಂಜ ತಲೆಕೆಳಗಾಗಿ ನೇತಾಡುತ್ತಿತ್ತು. ಬಿಚ್ಚುವಾಗ ಕೈ ಜಾರಿತು. ಹುಂಜಕ್ಕೆ ಓಡಲು ದಿಕ್ಕುಗಳಿಗೇನು ಬರವೇ? ಮೂರು ಕಡೆಯೂ ಬಟಾಬಯಲು. ಆದರೆ ಅದು ಹಟ್ಟಿಯ ಕಡೆಗೇ ಓಡಿ, ಮುಳ್ಳುಬೇಲಿಯ ಸಂದಿಯಲ್ಲಿ ತೂರಿ ಒಳಗೆ ಹೋಯಿತು. ಬೇಲಿಯ ಹತ್ತಿರ ಮುಕ್ತಾರ್ ಗಕ್ಕನೆ ನಿಂತ. ಹೊರಗಿನವನಾದ ಅವನಿಗೆ ಹಟ್ಟಿಯ ಕಾನೂನು ನೆನಪಿತ್ತು. ಹಟ್ಟಿಯಲ್ಲೇ ಹುಟ್ಟಿದ ಮುದ್ದಪ್ಪನಿಗೆ ನೆನಪಿದ್ದುದು ಇಪ್ಪತ್ತೇಳನೇ ತಾರೀಕು. ಹಿಡೀರಿ ಹಿಡೀರಿ ಎಂದು ಕೂಗುತ್ತ ಓಡಿದ. ಯಾರು ಹಿಡಿದಾರು? ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಒಳಗೆ ಸೇರಿದರು. ಹುಂಜ ಕುರಿರೊಪ್ಪ ಸುತ್ತಿ, ರಂಗಕ್ಕನ ಅಂಗಳ ದಾಟಿ, ಒರಳುಕಲ್ಲು ಹಾರಿ, ಕೊನೆಗೆ ದೇವರ ಗುಡಿಯ ಮುಂದೆ ಬಂದು ನಿಂತು ಒಂದು ಸಲ ಕೂಗಿತು. ಮುದ್ದಪ್ಪ ಅದರ ಮೇಲೆ ದಬಕ್ಕನೆ ಬಿದ್ದ. ಎದ್ದಾಗ ಹುಂಜ ಎದೆಯಲ್ಲಿತ್ತು, ಬಾಯಲ್ಲಿ ಪುಕ್ಕವಿತ್ತು, ಸುತ್ತಲೂ ಹಟ್ಟಿಗೆ ಹಟ್ಟಿಯೇ ನಿಂತಿತ್ತು. ಕ್ಯಾತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಸರಿಯಾಗಿ ಅದೇ ಹೊತ್ತಿಗೆ ಆರೈ ಸಾಹೇಬರು ಬೇಲಿಯ ಬಾಗಿಲಿಗೆ ಬಂದಿದ್ದರು.

ಅವರನ್ನು ತಡೆದವನು ದೊಡ್ಡಪ್ಪ ಬೋರಣ್ಣ, ಹಟ್ಟಿಯ ಯಜಮಾನ. ಬೂಟು ಬಿಚ್ಚಿ ಒಳಗೆ ಬರಬೇಕೆಂದ. ಡಿ.ಸಿ. ಸಾಹೇಬರ ಕೋಣೆಗೇ ಬೂಟು ಹಾಕಿಕೊಂಡು ಹೋಗುವವನು ನಾನು ಎಂದರು ಆರೈ. "ಅವ್ರದ್ದು ಆಪೀಸು, ಬುದ್ದಿ. ಇದು ಹಟ್ಟಿ" ಅಂದ ಬೋರಣ್ಣ. ಸಾಹೇಬರು ಹಲ್ಲು ಕಚ್ಚಿಕೊಂಡು ಬೂಟು ಬಿಚ್ಚಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾಲಿಮುಳ್ಳು ಹಿಮ್ಮಡಿಗೆ ನೆಟ್ಟಿತು. ಒಂಟಿ ಕಾಲಲ್ಲಿ ಕುಣಿದರು. ಹಟ್ಟಿಯ ಹುಡುಗರು ಕಿಸಕ್ಕನೆ ನಕ್ಕುಬಿಟ್ಟರು. ಎಲ್ಲಾ ಕೆಟ್ಟದ್ದು ಆ ನಗುವಿನಿಂದಲೇ ಎಂದು ಮುದ್ದಪ್ಪ ಆಮೇಲೆ ಲೆಕ್ಕ ಹಾಕಿದ. ಆದರೆ ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವನಿಗೂ ನಗು ಬಂದಿತ್ತು.

ಹೊಂಗೆಮರದ ಕೆಳಗೆ ಊಟವಾಯಿತು. ಮುಕ್ತಾರ್ ಬಡಿಸಿದ. ಸಾಹೇಬರು ಎರಡು ತೊಡೆ, ಈಲಿ ಎಲ್ಲವನ್ನೂ ಮುಗಿಸುತ್ತ, ನಿಮ್ಮ ಕಟ್ಟುಕಟ್ಟಳೆ ಏನೇನು ಹೇಳಪ್ಪ ಎಂದು ಅಕ್ಕರೆಯಿಂದ ಕೇಳಿದರು. ಮುದ್ದಪ್ಪ ಉಬ್ಬಿಹೋದ. ಮೈಸೂರಿನ ಸಂದರ್ಶನವೇ ನಡೆಯುತ್ತಿದೆ ಎಂಬಂತೆ ಕೈಕಟ್ಟಿ ನಿಂತು ಒಂದೊಂದಾಗಿ ಒಪ್ಪಿಸಿದ. ಮುಳ್ಳುಬೇಲಿ, ಗುಡಿ, ಚಪ್ಪಲಿ, ಕೋಳಿ.

"ಕೋಳಿ ಮುಟ್ಟಂಗಿಲ್ವಾ?" ಅಂದರು ಸಾಹೇಬರು, ಬೆರಳು ನೆಕ್ಕುತ್ತ.

"ಇಲ್ಲ ಸ್ವಾಮಿ."

"ಮುಟ್ಟಿದ್ರೆ?"

"ಅವ್ನು ನಮ್ಮೋನೇ ಅಲ್ಲ ಸ್ವಾಮಿ."

ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದುಬಿಟ್ಟಿತು. ಸಾಹೇಬರು ಕೈ ತೊಳೆದು, ಕಾಗದ ತೊಡೆಯ ಮೇಲಿಟ್ಟುಕೊಂಡು ಬರೆದು, ತಾವೇ ಗಟ್ಟಿಯಾಗಿ ಓದಿದರು: "ಅರ್ಜಿದಾರನು ಜೀವಂತ ಹುಂಜವನ್ನು ಎರಡೂ ಕೈಗಳಿಂದ ಎದೆಗವಚಿಕೊಂಡಿದ್ದುದನ್ನು ಸ್ಥಳದಲ್ಲಿ ಕಣ್ಣಾರೆ ಕಂಡಿರುತ್ತೇನೆ. ಕೋಳಿ ಮುಟ್ಟಿದವನು ಕಾಡುಗೊಲ್ಲನಲ್ಲವೆಂದು ಅರ್ಜಿದಾರನೇ ಹೇಳಿಕೆ ಕೊಟ್ಟಿರುತ್ತಾನೆ. ಆದಕಾರಣ ಅರ್ಜಿದಾರನು ಕಾಡುಗೊಲ್ಲನಲ್ಲ."

ಮುಕ್ತಾರ್ ಮಾತ್ರ, ತಿಂದಿದ್ದು ಯಾರು ಸಾಬ್ ಎಂದು ಮೆಲ್ಲಗೆ ಕೇಳಿದ. ನಾನೇನು ಸರ್ಟಿಫಿಕೇಟು ಕೇಳಿದ್ದೀನೇನೋ ಎಂದು ಸಾಹೇಬರು ಬೂಟು ಹಾಕಿಕೊಂಡರು. ಮಹಜರಿನ ಒಂದು ಪ್ರತಿಯನ್ನು ಅವನ ಕೈಗೂ ಕೊಟ್ಟು ಹೋದರು. ಕಾನೂನು ಎಂದರೆ ಕಾನೂನು.

ಸಂಜೆ ಹಟ್ಟಿ ಕೂಡಿತು. ಬೋರಣ್ಣ ನೆಲ ನೋಡುತ್ತಲೇ ತೀರ್ಮಾನ ಹೇಳಿದ. ಕೋಳಿ ಮುಟ್ಟಿದ, ಗುಡಿಯ ಮುಂದೆಯೇ ಮುಟ್ಟಿದ, ಒಂಬತ್ತು ದಿನ ಬೇಲಿಯ ಹೊರಗಿರಲಿ. ಕ್ಯಾತಮ್ಮ ಮುದ್ದೆ ತಂದು ಹೊರಗಿನ ಕಲ್ಲಿನ ಮೇಲಿಟ್ಟು, ಮಗನ ಮೈ ಸೋಕದಂತೆ ದೂರ ನಿಂತು, ಉಣ್ಣುವುದನ್ನು ನೋಡುತ್ತ ಅತ್ತಳು. ಹೊಂಗೆಮರದ ಕೆಳಗೆ ಮುದ್ದಪ್ಪನಿಗೆ ನಗುವೂ ಬಂತು, ಸಿಟ್ಟೂ ಬಂತು. ನೀನು ಗೊಲ್ಲನಲ್ಲ ಹೋಗು ಅನ್ನುತ್ತದೆ ಸರ್ಕಾರ. ಗೊಲ್ಲನಾಗಿ ಹೀಗೆ ಮಾಡಿದೆಯಲ್ಲ ಅನ್ನುತ್ತದೆ ಹಟ್ಟಿ. ಕುರಿಗಾದರೂ ಒಬ್ಬ ಒಡೆಯ ಇರುತ್ತಾನೆ.

ಹೀಗೆ ಅಂದುಕೊಂಡಾಗಲೇ ಅವನಿಗೆ ಹೊಳೆದದ್ದು. ಗೊಲ್ಲನಲ್ಲದವನಿಗೆ ಹಟ್ಟಿ ಯಾಕೆ ದಂಡ ಹಾಕುತ್ತದೆ? ಮುಕ್ತಾರನೂ ಕೋಳಿ ಮುಟ್ಟಿದ, ಅವನಿಗೆ ಹಾಕಿತೇ? ಈ ದಂಡವೇ ಸರ್ಟಿಫಿಕೇಟು.

ಬೆಳಿಗ್ಗೆ ಬೇಲಿಯ ಆಚೆಯಿಂದ ದೊಡ್ಡಪ್ಪನನ್ನು ಕೂಗಿ, ತೀರ್ಮಾನವನ್ನು ಬರಹದಲ್ಲಿ ಕೊಡಿ ಎಂದು ಕೇಳಿದ. ಕೊಡಬಹುದಿತ್ತು. ಆದರೆ ಹಟ್ಟಿಯಲ್ಲಿ ಬರೆಯಲು ಬರುತ್ತಿದ್ದದ್ದು ತಪ್ಪು ಮಾಡಿದವನಿಗೆ ಮಾತ್ರ. ಸರಿ, ತನ್ನ ಬಹಿಷ್ಕಾರವನ್ನು ತಾನೇ ಬರೆದ. ದುಂಡಗಿನ ಅಕ್ಷರದಲ್ಲಿ, ಎಲ್ಲೂ ಕಾಟು ಬೀಳದಂತೆ, ಎಂ.ಎ. ಓದುವವನಿಗೆ ಒಪ್ಪುವಂತೆ ಬರೆದು ಓದಿ ಹೇಳಿದ. ಬೋರಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಮುಟ್ಟಿದೋನ್ನ ಬರ್ದಿದೀಯ. ನಮ್ ಗಡಿಯಾಗೆ ಕುಂತು ತಿಂದೋನ್ನ ಬುಟ್ಟಿದೀಯಲ್ಲೋ" ಅಂದ. ಮುದ್ದಪ್ಪ ದೊಡ್ಡಪ್ಪನ ಮುಖ ನೋಡಿದ. ಮುದುಕ ತಮಾಷೆ ಮಾಡುತ್ತಿರಲಿಲ್ಲ. ಆ ಸಾಲನ್ನೂ ಸೇರಿಸಿದ. ಹಟ್ಟಿಯ ಹನ್ನೊಂದು ಜನ ಹಿರಿಯರು ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು.

ಇಪ್ಪತ್ತೇಳರಂದು ಅವನು ಮತ್ತೆ ಆರೈ ಸಾಹೇಬರ ಮುಂದೆ ನಿಂತ, ಈ ಸಲ ಹೇಳಿಸಿಕೊಳ್ಳದೆ ದೂರದಲ್ಲೇ. ಸಾಹೇಬರು ಕಾಗದದ ಮೇಲೆ ಕಣ್ಣಾಡಿಸಿದರು. ಹಟ್ಟಿಯಿಂದ ಹೊರಗಿಟ್ಟಿರುತ್ತೇವೆ ಎಂಬಲ್ಲಿಗೆ ಬಂದು ನಿಲ್ಲಿಸಿದರು. ಪೂರ್ತಿ ಓದುವ ಅಭ್ಯಾಸ ಅವರಿಗಿರಲಿಲ್ಲ.

"ಜಾತಿಯೋರೇ ಹೊರಗಾಕಿದ್ದಾರಲ್ಲೋ ಮುಂಡೇದೆ. ನಿನ್ನೆಗಂಟ ಗೊಲ್ಲ ಆಗಿದ್ರೂ ಇವತ್ತು ಅಲ್ಲ. ಹೆಬ್ಬೆಟ್ಟು ಬೇರೆ ಒತ್ತವ್ರೆ" ಎಂದು ಕಾಗದವನ್ನು ಅವನ ಮುಖದ ಮೇಲೆ ಎಸೆದರು.

ಮುದ್ದಪ್ಪ ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಅತ್ತ. ಇಷ್ಟು ದಿನ ತನ್ನನ್ನು ತಾನೇ ಆಡಿಕೊಂಡು ಪಕ್ಕಕ್ಕೆ ತಳ್ಳಿದ್ದ ಅವಮಾನವೆಲ್ಲ ಈಗ ಒಟ್ಟಿಗೆ ನುಗ್ಗಿ ಬಂತು. ಹಾಗೆ ಅಳುತ್ತಿರುವಾಗ ಎದುರಿಗೆ ನೋಟೀಸು ಹಲಗೆ ಕಂಡಿತು. ಹುಣಸೆಮರದ ಹರಾಜಿನ ಪ್ರಕಟಣೆ ಅಂಟಿಸಿ ಜವಾನ ಬಿಟ್ಟುಹೋದ ಅಂಟಿನ ಡಬ್ಬಿ ಅದರ ಕೆಳಗೇ ಇತ್ತು. ಮುದ್ದಪ್ಪ ಕಣ್ಣೊರೆಸಿಕೊಂಡು ಎದ್ದ. ಹಟ್ಟಿಯ ಕಾಗದಕ್ಕೆ ಅಂಟು ಬಳಿದು ಹಲಗೆಯ ನಟ್ಟನಡುವೆ ಒತ್ತಿದ.

ಜಗಲಿಯ ತುಂಬ ಜನ ಇದ್ದರು. ಪಿಂಚಣಿಗೆ ಬಂದ ಮುದುಕಿಯರು, ಪಹಣಿಗೆ ಬಂದ ರೈತರು. ಅದೇನಪ್ಪ ಹೊಸ ನೋಟೀಸು, ಓದು ಅಂದರು. ಓದಿದ. "ಕೋಳಿ ಮುಟ್ಟಿದ ಮುದ್ದಪ್ಪನನ್ನು ಒಂಬತ್ತು ದಿನ ಹಟ್ಟಿಯಿಂದ ಹೊರಗಿಟ್ಟಿರುತ್ತೇವೆ. ಸರ್ಟಿಫಿಕೇಟು ಕೊಡುತ್ತೇನೆಂದು ಬಂದು, ಆ ಕೋಳಿಯನ್ನು ನಮ್ಮ ಗಡಿಯಲ್ಲಿ ಕುಳಿತು ತಿಂದು, ಕೊಡದೆ ಹೋದ ರೆವಿನ್ಯೂ ಇನ್ಸ್‌ಪೆಕ್ಟರನ್ನು ಅವನು ಬದುಕಿರುವವರೆಗೂ ಹೊರಗಿಟ್ಟಿರುತ್ತೇವೆ." ಯಾವಳೋ ಮುದುಕಿ ಬೊಚ್ಚುಬಾಯಲ್ಲಿ ನಕ್ಕಳು. ಅಲ್ಲಿಂದ ನಗು ಗೇಟಿನವರೆಗೂ ಹೋಯಿತು.

ಆರೈ ಸಾಹೇಬರು ಹೊರಗೆ ಬಂದು ಓದಿದರು, ಈ ಸಲ ಪೂರ್ತಿ. ಕಿತ್ತುಹಾಕೋ ಅದನ್ನ ಎಂದು ಕಿರುಚಿದರು.

"ಹಟ್ಟಿ ಕಾಗ್ದ ಸ್ವಾಮಿ ಅದು. ಹಟ್ಟಿಯೋರು ಬುಟ್ರೆ ಬ್ಯಾರೆಯೋರು ಕೈ ಇಕ್ಕಂಗಿಲ್ಲ" ಅಂದ ಮುದ್ದಪ್ಪ. "ನಾನು ಹಟ್ಟಿಯೋನಲ್ಲ ಅಂತ ನೀವೇ ಬರ್ದಿದ್ದೀರಿ."

ಸಾಹೇಬರು ತಾವೇ ಕೈ ಚಾಚಿದರು. "ನೀನು ಗೊಲ್ಲರೋನೇನಪ್ಪ?" ಎಂದು ಆ ಮುದುಕಿ ಸಾಹೇಬರನ್ನೇ ಕೇಳಿದಳು. ಚಾಚಿದ ಕೈ ಹಲಗೆಯ ಹತ್ತಿರವೇ ನಿಂತಿತು. ಒಳಗಿನ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಅಂಚೆ ಕಚೇರಿಯಲ್ಲಿ ನಾಲ್ಕಕ್ಕೆ ಟಪಾಲಿನ ಚೀಲಕ್ಕೆ ಅರಗು ಹಾಕುತ್ತಾರೆ. ಸಾಹೇಬರು ಹತ್ತಿರ ಬಂದರು. ವಾಸನೆಯ ಮಾತು ಎತ್ತಲಿಲ್ಲ. ಮೊದಲು ಇದನ್ನು ತೆಗಿ, ಒಳಗೆ ಬಾ, ಈಗಲೇ ಸಹಿ ಹಾಕಿಕೊಡುತ್ತೇನೆ ಎಂದು ಕಿವಿಯಲ್ಲಿ ಹೇಳಿದರು. ಮುದ್ದಪ್ಪನ ಕಾಲುಗಳು ಒಳಗೆ ಹೋಗಲು ಹಾತೊರೆದವು. ಮೈಸೂರು ಆ ಬಾಗಿಲಿನ ಆಚೆಗೇ ಇತ್ತು.

"ಮೊದ್ಲು ಬರೀರಿ" ಅಂದ. "ಇಲ್ಲೇ, ಇವ್ರ ಮುಂದೆ. ಆಮೇಲೆ ತೆಗೀತೀನಿ."

ಸಾಹೇಬರು ಜೇಬಿನ ಪೆನ್ನು ಮುಟ್ಟಿದರು, ತೆಗೆಯಲಿಲ್ಲ. ಗೇಟಿನ ಕಡೆಯಿಂದ ಆಗತಾನೇ ಬಂದ ಯಾರೋ ತನಗೆ ಕೇಳಿಸಲಿಲ್ಲವೆಂದೂ ಇನ್ನೊಂದು ಸಲ ಓದಬೇಕೆಂದೂ ಕೂಗಿದರು. ಮುದ್ದಪ್ಪ ಸಾಹೇಬರಿಗೆ ಬೆನ್ನು ಮಾಡಿ ನಿಂತು, ಮೊದಲನೇ ಸಾಲಿನಿಂದ, ಗೇಟಿನವರಿಗೂ ಕೇಳುವಂತೆ ಓದತೊಡಗಿದ.