ಅಂಗೈ ಜೋಡಿಸಿದರೆ

"ಈಗಲೇ ಎತ್ತಬೇಡಿ. ಕುಳ್ಳ ಬರ್ಲಿ," ಎನ್ನುತ್ತ ಸತ್ತವನ ಹೆಂಡತಿ ಶವಪೆಟ್ಟಿಗೆಗೆ ಅಡ್ಡ ನಿಂತೇಬಿಟ್ಟಳು.

"ಅತ್ತಿಗೆ, ವ್ಯಾನಿನವನು ಗೊಣಗ್ತಿದಾನೆ," ಎಂದ ಮೈದುನ.

"ಗೊಣಗ್ಲಿ ಬಿಡು. ನಿಮ್ಮಣ್ಣ ಏನು ಎದ್ದು ಓಡಿಹೋಗ್ತಾರಾ?"

ಅಳುತ್ತಿದ್ದವರಿಗೂ ನಗು ಬಂತು. ಸತ್ತವನನ್ನು ಎಲ್ಲರೂ ಸುತ್ತಿಗೆಯಣ್ಣ ಎನ್ನುತ್ತಿದ್ದರು. ಅಣುವಿದ್ಯುತ್ ಸ್ಥಾವರದಲ್ಲಿ ಉಕ್ಕಿಗೆ ಬಡಿದು ಅದರ ತಾಳಿಕೆ ನೋಡುವುದೇ ಅವನ ಕಸುಬು. ರಿಯಾಕ್ಟರಿನ ದೊಡ್ಡ ಪಾತ್ರೆ ವಿಕಿರಣಕ್ಕೆ ವರ್ಷವರ್ಷಕ್ಕೂ ಪೆಡಸಾಗುತ್ತದೆ. ಅದೇ ಉಕ್ಕಿನ ತುಂಡುಗಳನ್ನು ಒಳಗಿಟ್ಟಿದ್ದು, ಆಗಾಗ ಹೊರತೆಗೆದು, ತೂಗುವ ಸುತ್ತಿಗೆಯಿಂದ ಹೊಡೆಯುತ್ತಾರೆ. ಬಾಗಿದರೆ ಬಚಾವು. ಬಳಪದ ಹಾಗೆ ಟಕ್ಕೆಂದು ಮುರಿದರೆ ಸ್ಥಾವರಕ್ಕೆ ಬೀಗ.

ಕೊನೆಯ ಕಂತಿನ ತುಂಡುಗಳಿಗೆ ಇವತ್ತೇ ಪರೀಕ್ಷೆ. "ನನ್ನ ಉಕ್ಕು ಬಾಗುತ್ತೆ, ಮುರಿಯಲ್ಲ," ಎಂದು ಮೇಲಿನವರೆದುರು ಎದೆ ತಟ್ಟಿ ಹೇಳಿದ್ದವನು ನಿನ್ನೆ ಮಲಗಿದಲ್ಲೇ ಹೋಗಿದ್ದ. ಆ ಮಾತು ಉಳಿಯಿತೋ ಇಲ್ಲವೋ ತಿಳಿಯದೆ ಅವನನ್ನು ಕಳಿಸಿಕೊಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಸುದ್ದಿ ತರಬೇಕಾದವನು ಅವನ ಜೊತೆಗಾರ ಕುಳ್ಳ.

*

ವಿಕಿರಣ ಸೂಸುವ ಆ ತುಂಡುಗಳನ್ನು ಕೈಯಿಂದ ಮುಟ್ಟುವಂತಿಲ್ಲ. ದಪ್ಪ ಗಾಜಿನ ಆಚೆ ಯಂತ್ರದ ಕೈಗಳೇ ಎಲ್ಲ ಮಾಡಬೇಕು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದು. ಅದಕ್ಕೇ ಸುತ್ತಿಗೆಯಣ್ಣ ಕುಳ್ಳನಿಗೆ ಸನ್ನೆ ಕಲಿಸಿದ್ದ. ಅಂಗೈ ದೂರ ಮಾಡಿದರೆ ಮುರಿಯಿತು. ಜೋಡಿಸಿದರೆ ಬಾಗಿತು, ಬಿಟ್ಟುಕೊಡಲಿಲ್ಲ.

ಮನೆಯಲ್ಲೂ ಅದೇ ಚಾಳಿ. ಜಗಳವಾಗಿ ಅವಳು ಮುಖ ಊದಿಸಿಕೊಂಡು ಪಾತ್ರೆ ಕುಕ್ಕುತ್ತಿದ್ದರೆ, ಅಡುಗೆಮನೆ ಬಾಗಿಲಲ್ಲಿ ಅಂಗೈ ಜೋಡಿಸಿ ನಿಲ್ಲುತ್ತಿದ್ದ.

"ಏನು, ಕ್ಷಮೆ ಕೇಳ್ತಿದೀರಾ?"

"ನಾನ್ಯಾಕೆ ಕೇಳ್ಲಿ? ರಿಸಲ್ಟ್ ಹೇಳ್ತಿದೀನಿ. ಬಾಗಿದೆ ಕಣೇ, ಮುರಿದಿಲ್ಲ."

ಅಲ್ಲಿಗೆ ಅವಳ ಸಿಟ್ಟು ಅರ್ಧ ಇಳಿಯುತ್ತಿತ್ತು. ಉಳಿದರ್ಧ ಊಟದ ಹೊತ್ತಿಗೆ.

*

ಗೇಟು ಕಿರ್ರೆಂದಿತು. ಕುಳ್ಳ ಏದುಸಿರು ಬಿಡುತ್ತ ಒಳಗೆ ಬಂದ.

"ತುಂಡು ತಂದ್ಯೇನೋ?" ಎಂದ ಮೈದುನ. "ಅಣ್ಣನ ಜೊತೇಲೇ ಇಟ್ಟುಬಿಡೋಣ."

"ಅಯ್ಯೋ ಮಾರಾಯ್ರೇ, ಅದನ್ನ ತಂದಿದ್ರೆ ನನಗೂ ಒಂದು ಪೆಟ್ಟಿಗೆ ಬೇಕಾಗ್ತಿತ್ತು!"

ಅವಳು ಅವನ ಕೈಗಳನ್ನೇ ನೋಡಿದಳು.

ಕುಳ್ಳ ಪೆಟ್ಟಿಗೆಯ ಹತ್ತಿರ ಹೋದ. ಎರಡೂ ಕೈ ಮೇಲೆತ್ತಿ ಅಂಗೈ ಜೋಡಿಸಿದ.

"ಗೆದ್ರಿ ಕಣ್ರೀ," ಎಂದಳು ಅವಳು ಗಂಡನಿಗೆ, ಅಷ್ಟೂ ಜನರೆದುರು. ಆಗ ಅಳು ಬಂತು. ಅಳುತ್ತಲೇ ತಾನೂ ಅಂಗೈ ಜೋಡಿಸಿದಳು.

ಪ್ರಾರ್ಥನೆ ಶುರುವಾಯಿತೆಂದುಕೊಂಡು ಮೈದುನನೂ ಜೋಡಿಸಿದ, ನೆರೆಹೊರೆಯವರೂ ಜೋಡಿಸಿದರು. ಬಾಗಿಲಲ್ಲಿ ವ್ಯಾನಿನವನು ಗೊಣಗುವುದನ್ನು ನಿಲ್ಲಿಸಿ, ವ್ಯಾನಿನ ಕೀ ಬೆರಳಿಗೆ ಸಿಕ್ಕಿಸಿಕೊಂಡೇ ಎರಡೂ ಅಂಗೈ ಜೋಡಿಸಿದ.