ಹನ್ನೆರಡು ಗಂಟೆಯ ಫೈನಲ್

ಫುಟ್‌ಬಾಲ್ ವಿಶ್ವಕಪ್ ಬಂದ ವರ್ಷ ಉಪ್ಪಳ ಪೇಟೆಯಲ್ಲಿ ಎರಡೇ ಪಕ್ಷ, ಅರ್ಜೆಂಟೀನಾ ಮತ್ತು ಬ್ರೆಜಿಲ್. ನನ್ನ ಅಪ್ಪ, ನಮ್ಮ ಮಾತಿನಲ್ಲಿ ಉಪ್ಪ, ಎರಡಕ್ಕೂ ಸೇರಿದವರಲ್ಲ. ಅವರ ತಂಡ ಫ್ರೀಮ್ಯಾಂಟಲ್. ಆಸ್ಟ್ರೇಲಿಯದ ಪಶ್ಚಿಮ ತುದಿಯ ಒಂದು ಬಂದರು ಅದು, ತಂಡದ ಹೆಸರೂ ಅದೇ. ಅವರು ಆಡುವುದು ನಾವು ತಿಳಿದ ಫುಟ್‌ಬಾಲ್ ಅಲ್ಲ. ಚೆಂಡು ಕೋಳಿಮೊಟ್ಟೆಯ ಆಕಾರದ್ದು, ಮೈದಾನವೂ ಹಾಗೆಯೇ. ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಆರು ಅಂಕ. ಸ್ವಲ್ಪ ತಪ್ಪಿ ಪಕ್ಕದ ಕಂಬಗಳ ಮಧ್ಯೆ ಹೋದರೆ ಒಂದು.

ಈ ಒಂದು ಅಂಕದ ಬಗ್ಗೆ ಉಪ್ಪನಿಗೆ ದೊಡ್ಡ ತಕರಾರು. ತಪ್ಪಿದವನಿಗೂ ಏನಾದರೂ ಕೊಡುವ ಆಟ ಮನುಷ್ಯನನ್ನು ಕೆಡಿಸುತ್ತದೆ, ನಮ್ಮವರು ಕೆಟ್ಟದ್ದು ಅದರಿಂದಲೇ ಎನ್ನುತ್ತಿದ್ದರು. ಇನ್ನೂ ಅಭಿಪ್ರಾಯಗಳಿದ್ದವು. ಅದೇ ಊರಿನ ಇನ್ನೊಂದು ತಂಡ, ಹಣವಂತರ ತಂಡ, ಮೊದಲ ಒಂಬತ್ತು ಸಲವೂ ನಮ್ಮವರನ್ನು ಸೋಲಿಸಿತ್ತು. ಅದನ್ನು ಅವರು ಮನೆಯ ಅವಮಾನದಂತೆ ಹೇಳುತ್ತಿದ್ದರು. ಆಟಗಾರರ ಅಂಗಿಯ ಮೇಲಿದ್ದ ಲಂಗರನ್ನು ತೆಗೆದು ಬರೀ ಬಿಳಿ ಪಟ್ಟೆ ಹಾಕಿದ್ದು ತಪ್ಪು. ಹೊಸ ಕೋಚ್ ಎದುರಾಳಿಯನ್ನು ಕಟ್ಟಿಹಾಕುವುದು ಕಲಿಸಿದ್ದಾನೆ, ಗೋಲು ಹೊಡೆಯುವುದು ಕಲಿಸಿಲ್ಲ.

ಇವನ್ನೆಲ್ಲ ಕೇಳುತ್ತಿದ್ದವನು ದರ್ಜಿ ಚೆನ್ನಪ್ಪ. ಬಸ್ ನಿಲ್ದಾಣದ ಹಿಂದೆ ಅವನ ಅಂಗಡಿ. ಉಪ್ಪ ಮತ್ತು ಅವನು ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಕಲಿತವರು.

"ಬ್ಯಾರಿಗಳೇ, ನಿಮ್ಮ ತಂಡ ಈ ವರ್ಷವಾದ್ರೂ ಗೆಲ್ತದಾ, ಅಲ್ಲ ಕುರಿಗಳೊಟ್ಟಿಗೆ ಹಡಗು ಹತ್ತಿತಾ?" ಎಂದು ಚೆನ್ನಪ್ಪ ಕೇಳುವುದು, "ನೀನು ಮೊದಲು ಪ್ಯಾಂಟಿನ ಕಾಲು ಎರಡೂ ಒಂದೇ ಉದ್ದಕ್ಕೆ ಹೊಲಿ ಮಾರಾಯ" ಎಂದು ಉಪ್ಪ ಉತ್ತರಿಸುವುದು, ಹೀಗೆ ವರ್ಷಗಟ್ಟಲೆ ನಡೆದಿತ್ತು.

ಕುರಿಗಳ ಮಾತು ಸುಳ್ಳಲ್ಲ. ಉಪ್ಪ ಹದಿನೇಳು ವರ್ಷ ದುಡಿದದ್ದು ಕುರಿ ಸಾಗಿಸುವ ಹಡಗಿನಲ್ಲಿ. ಫ್ರೀಮ್ಯಾಂಟಲ್ ಬಂದರಿನಲ್ಲಿ ಸಾವಿರಗಟ್ಟಲೆ ಜೀವಂತ ಕುರಿಗಳನ್ನು ತುಂಬಿಸಿಕೊಂಡು ಕುವೈತಿಗೆ ತರುವುದು, ಇಳಿಸಿ ಮತ್ತೆ ಹೋಗುವುದು. ಮೇವು ಹಾಕುವುದು, ನೀರಿನ ತೊಟ್ಟಿ ತೊಳೆಯುವುದು, ಬೆಳಿಗ್ಗೆ ಎದ್ದು ಸತ್ತ ಕುರಿಗಳನ್ನು ಎಳೆದು ಹೊರಗೆ ಹಾಕುವುದು ಅವರ ಕೆಲಸ. ಆ ತಂಡ ಹುಟ್ಟಿದ್ದು ತೊಂಬತ್ತೈದರಲ್ಲಿ. ಮೊದಲ ವರ್ಷವೇ ಬಂದರಿನ ಕೂಲಿಯವರು ಇವರನ್ನು ಆಟಕ್ಕೆ ಕರೆದುಕೊಂಡು ಹೋದರಂತೆ, ಕುತ್ತಿಗೆಗೆ ನೇರಳೆ ಬಣ್ಣದ ಮಫ್ಲರ್ ಸುತ್ತಿದರಂತೆ. ಹೆಸರು ಕೇಳದೆ ಪಕ್ಕದಲ್ಲಿ ಕೂರಿಸಿಕೊಂಡರು ಎಂದು ಉಪ್ಪ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಅವರ ಕೈಗಡಿಯಾರ ಫ್ರೀಮ್ಯಾಂಟಲಿನ ಗಂಟೆಯನ್ನೇ ತೋರಿಸುತ್ತಿತ್ತು, ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಗಂಟೆ ಬೇಕಾದರೆ ಮನೆಯ ಗೋಡೆ ಉಂಟು, ಮಸೀದಿಯಿಂದ ಕೂಗುವ ಬಾಂಕ್ ಉಂಟು, ಇದು ಆಟಕ್ಕೆ ಇರಲಿ ಎನ್ನುತ್ತಿದ್ದರು. ತಂಡ ಆಡುವ ದಿನ ಆ ಗಡಿಯಾರ ನೋಡಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುತ್ತಿದ್ದರು. ದೂರದ ಊರುಗಳಲ್ಲಿ ಆಟವಿದ್ದಾಗ ನಾನೇ ಹುಡುಕಿ ಅಂಕಗಳನ್ನಷ್ಟೇ ಓದಿ ಹೇಳುತ್ತಿದ್ದೆ. ಯಾವ ಆಟವನ್ನಾದರೂ ನೇರವಾಗಿ ನೋಡಲು ಬೇರೆ ಚಂದಾ ಕಟ್ಟಬೇಕಿತ್ತು.

ಉಮ್ಮ ತೀರಿಕೊಂಡ ಎರಡು ವರ್ಷಕ್ಕೆ ಉಪ್ಪನ ಮೂತ್ರಪಿಂಡಗಳು ಕೆಟ್ಟವು. ವಾರಕ್ಕೆ ಮೂರು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅವರ ಪಾಳಿ. ಅಬುಧಾಬಿಯಲ್ಲಿದ್ದ ನನ್ನ ಗಂಡ ರಿಯಾಝ್ ಹೇಳಿದ್ದರಿಂದ ನಾನು ಶಾಲೆಯ ಕೆಲಸ ಬಿಟ್ಟು ಉಪ್ಪನ ಜೊತೆಗೇ ಉಳಿದೆ. ದಿನಕ್ಕೆ ಮುಕ್ಕಾಲು ಲೀಟರ್ ನೀರು. ಬೆಳಿಗ್ಗೆ ಬಾಟಲಿಯಲ್ಲಿ ಅಳೆದಿಡುತ್ತಿದ್ದೆ; ಚಹಾ, ಗಂಜಿಯ ತಿಳಿ ಎಲ್ಲವನ್ನೂ ಅದರಿಂದ ಕಳೆಯುತ್ತಿದ್ದೆ. ಅವರು ಮಲಗಿದ್ದಾಗ ಉಸಿರಿನ ಸದ್ದು ಕೇಳುತ್ತ ನಿಲ್ಲುವುದು ನನಗೆ ಅಭ್ಯಾಸವಾಗಿತ್ತು.

ಎರಡು ಸಾವಿರದ ಹದಿಮೂರರ ಪೆರ್ನಾಳಿಗೆ ಅವರು ಒಂದು ಪಾಳಿ ತಪ್ಪಿಸಿದರು. ಹಬ್ಬದ ದಿನ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದರು, ನಾನೂ ಒಪ್ಪಿದೆ. ಎರಡನೆಯ ದಿನ ಬೆಳಗಿನ ಜಾವ ಅವರಿಗೆ ಉಸಿರೇ ಬರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ನೇರ ಕುಳಿತು, ಕಿಟಕಿಯ ಸರಳು ಹಿಡಿದವರ ಹಾಗೆ ನನ್ನ ಭುಜ ಹಿಡಿದುಕೊಂಡು, ಗಡಿಯ ತಲಪಾಡಿ ದಾಟುವವರೆಗೆ ಬಾಯಿಯಿಂದ ಉಸಿರೆಳೆಯುತ್ತಿದ್ದರು. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದರು. ಇನ್ನೊಮ್ಮೆ ಹೀಗಾದರೆ ಹೇಳಲಾಗದು ಎಂದು ಡಾಕ್ಟರು ನನಗೆ ಮಾತ್ರ ಹೇಳಿದರು.

ಅದಾಗಿ ಐದು ವಾರಕ್ಕೆ ಫ್ರೀಮ್ಯಾಂಟಲ್ ಫೈನಲ್ ತಲುಪಿತು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಉಪ್ಪ ಆ ಸುದ್ದಿ ಕೇಳಿದ ಮೇಲೆ ಮುಖ ತೊಳೆದು ಬಂದು ಕುಳಿತರು. ಆಮೇಲೆ ನನ್ನನ್ನು ಕರೆದು, ತನಗೆ ಇದೊಂದು ಆಟ ಶುರುವಿನಿಂದ ಕೊನೆಯವರೆಗೆ ನೋಡಬೇಕು, ಇನ್ನೊಂದನ್ನು ಕೇಳುವುದಿಲ್ಲ ಎಂದರು. ರಿಯಾಝ್ ಅಲ್ಲಿಂದಲೇ ನೇರ ಪ್ರಸಾರಕ್ಕೆ ಚಂದಾ ಕಟ್ಟಿದರು. ಆಟ ಸೆಪ್ಟೆಂಬರ್ ಇಪ್ಪತ್ತೆಂಟು, ಶನಿವಾರ, ಅಲ್ಲಿಯ ಎರಡೂವರೆಗೆ. ಉಪ್ಪ ಗಡಿಯಾರ ನೋಡಿ ಲೆಕ್ಕ ಹೇಳಿದರು: ನಮ್ಮ ಮಧ್ಯಾಹ್ನ ಹನ್ನೆರಡು. ಸರಿಯಾಗಿ ಅವರ ಪಾಳಿಯ ಹೊತ್ತು.

ಬೆಳಗಿನ ಆರರ ಪಾಳಿಯಲ್ಲಿ ಕುಂಬ್ಡಾಜೆಯ ಪರಮೇಶ್ವರಿ ಟೀಚರ್ ಇದ್ದರು. ನಿವೃತ್ತರು, ಚಿಕಿತ್ಸೆಗಾಗಿ ಮಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು. ಗುರುವಾರ ಅವರು ಮಗಳ ಜೊತೆ ಔಷಧಿಗೆ ಬಂದಿದ್ದಾಗ ಉಪ್ಪನೇ ಹೋಗಿ ಪಾಳಿ ಬದಲಿಸಿಕೊಳ್ಳಲು ಕೇಳಿದರು.

"ಯಾರದ್ದು ಮದುವೆ?" ಎಂದು ಟೀಚರ್ ಕೇಳಿದರು.

"ಮದುವೆ ಬೇಕಾದ್ರೆ ಒಬ್ಬನಿಗೆ ನಾಲ್ಕು ಸಲ ಆಗ್ತದೆ ಟೀಚರೇ. ಇದು ಹಾಗಲ್ಲ."

ಟೀಚರ್ ನಕ್ಕು ಒಪ್ಪಿದರು.

ಶುಕ್ರವಾರ ಸಂಜೆಯ ಮಗ್ರಿಬ್ ನಮಾಝ್ ಕಳೆದ ಮೇಲೆ ರಿಯಾಝ್ ಫೋನ್ ಮಾಡಿದರು. ಉಪ್ಪ ಒಳಗೆ ನಮಾಝಿನ ಚಾಪೆಯ ಮೇಲಿದ್ದರು. ನಾಳೆ ರಜೆ ಹಾಕಿದ್ದೇನೆ, ನಾನೂ ನೋಡುತ್ತೇನೆ, ನಮ್ಮಲ್ಲಿ ಬೆಳಿಗ್ಗೆ ಎಂಟೂವರೆಗೆ ಶುರು ಎಂದರು. ಅಬುಧಾಬಿಯ ಎಂಟೂವರೆ ಎಂದರೆ ನಮ್ಮ ಹತ್ತು. ನಾನು ಕಂಪ್ಯೂಟರ್ ತೆರೆದು ನೋಡಿದೆ. ಫೈನಲ್ ನಡೆಯುವುದು ಮೆಲ್ಬೋರ್ನಿನಲ್ಲಿ. ದೇಶದ ಆ ತುದಿಯಲ್ಲಿ ಗಂಟೆ ಬೇರೆ. ಎರಡೂವರೆ ಎಂದರೆ ಮೆಲ್ಬೋರ್ನಿನ ಎರಡೂವರೆ. ಉಪ್ಪನ ಗಡಿಯಾರ ತೋರಿಸುವುದು ಫ್ರೀಮ್ಯಾಂಟಲಿನದ್ದು.

ಹತ್ತು ಗಂಟೆಗೆ ಉಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಾರೆ.

ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾಳೆ ಹೋಗುವುದೇ ಇಲ್ಲ ಎನ್ನುತ್ತಾರೆ. ಆಗ ಗುರುವಾರದಿಂದ ಮಂಗಳವಾರದವರೆಗೆ ಐದು ದಿನ. ಟೀಚರ ಜೊತೆ ಮತ್ತೆ ಬದಲಿಸಿಕೊಂಡು ಹನ್ನೆರಡಕ್ಕೆ ಹೋದರೂ ಆಟದ ನಡುವೆಯೇ, ಹತ್ತೂಮುಕ್ಕಾಲಿಗೆ ಮನೆ ಬಿಡಬೇಕು. ಸಂಜೆ ಐದರ ಪಾಳಿಯೊಂದಿತ್ತು. ಅದು ಯಾವಾಗಲೂ ತುಂಬಿರುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಫೋನ್ ಮಾಡಿ ಕೇಳಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಇಲ್ಲ ಎಂದರೆ ಉಪ್ಪನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಕುಳಿತೆ, ಉಪ್ಪ ಚಾಪೆ ಮಡಚಿ ಹೊರಗೆ ಬಂದರು, ಅಳಿಯ ಏನೆಂದ ಎಂದು ಕೇಳಿದರು. ನಾಳೆ ಅವರೂ ನೋಡುತ್ತಾರಂತೆ ಎಂದೆ. ಅಷ್ಟು ನಿಜವೇ.

ಶನಿವಾರ ಮೂರೂವರೆಗೆ ಎದ್ದು ನಾಲ್ಕೂಮುಕ್ಕಾಲಿಗೆ ಹೊರಟೆವು. ಉಪ್ಪ ಮಫ್ಲರನ್ನು ಚೀಲದಲ್ಲಿ ಇಟ್ಟುಕೊಂಡಿದ್ದರು. ಹಾಸಿಗೆಯಲ್ಲಿ ಮಲಗಿದವರು ನರ್ಸಿಗೆ ಆಟದ ನಿಯಮಗಳನ್ನು ಹೇಳಿಕೊಟ್ಟರು. ಆ ಕೋಣೆಯಲ್ಲಿ ಫೋನ್ ಬಿಡುವುದಿಲ್ಲ. ನನ್ನದು ಹೊರಗಿನ ಮೇಜಿನ ಮೇಲಿತ್ತು. ಹತ್ತು ಗಂಟೆಯಾದಾಗ ನರ್ಸ್ ಸೂಜಿ ತೆಗೆಯುತ್ತಿದ್ದಳು. ನಾನು ಗೋಡೆಯ ಗಡಿಯಾರದ ಕಡೆ ನೋಡದೆ ಉಪ್ಪನ ತೋಳಿನ ಮೇಲೆ ಒತ್ತಿ ಹಿಡಿದ ಹತ್ತಿಯನ್ನೇ ನೋಡುತ್ತಿದ್ದೆ.

"ಇಷ್ಟು ಬೇಗ ಎದ್ದು ಬರುವುದು ಎಂತಕ್ಕೆ? ಸಂಜೆ ಪಾಳಿಯಲ್ಲಿ ಇವತ್ತು ಒಂದು ಬೆಡ್ ಖಾಲಿ ಉಂಟು. ಫೋನ್ ಮಾಡಿದ್ರೆ ಕೊಡ್ತಿದ್ದೆವು" ಎಂದು ನರ್ಸ್ ಹೇಳಿದಳು.

"ಸಂಜೆಗೆ ಮನಸ್ಸು ನಿಲ್ಲುವುದಿಲ್ಲ ಸಿಸ್ಟರ್. ಇದೇ ಒಳ್ಳೆದಾಯ್ತು" ಎಂದರು ಉಪ್ಪ.

ಕಾರಿನಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇವತ್ತು ನಮ್ಮವರು ಮೊದಲು ಹೆದರುತ್ತಾರೆ, ಸುಲಭದ್ದನ್ನೆಲ್ಲ ತಪ್ಪಿಸುತ್ತಾರೆ, ಆಮೇಲೆ ಒಂದು ಹೊತ್ತು ಬರುತ್ತದೆ, ಆಗ ಯಾರಿಂದಲೂ ತಡೆಯಲಾಗುವುದಿಲ್ಲ ಎಂದರು. ಆ ಹೊತ್ತನ್ನು ನೋಡಬೇಕು ಎಂದರು. ತಲಪಾಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ನಿಂತಿತ್ತು. ಉಪ್ಪ ಗಡಿಯಾರ ನೋಡಿ, ಇನ್ನೂ ಸಮಯ ಉಂಟು, ಡ್ರೈವರನನ್ನು ಅವಸರಪಡಿಸಬೇಡ ಎಂದರು. ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀರು ಬೇಕಾ ಎಂದು ಕೇಳಿದೆ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮನೆ ತಲುಪಿದೆವು. ಚೆನ್ನಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ನೇರಳೆ ಬಟ್ಟೆಯಲ್ಲಿ ಬಾವುಟ ಹೊಲಿದು ತಂದಿದ್ದ. ನಡುವಿನ ಬಿಳಿ ಲಂಗರು ಕೊಡೆಯ ಹಿಡಿಕೆಯಂತಿತ್ತು. ಉಪ್ಪ ಅದಕ್ಕೆ ಏನೋ ಹೇಳಿ ನಗುತ್ತಲೇ ಒಳಗೆ ಬಂದು ಕುಳಿತರು. ನಾನು ಕಂಪ್ಯೂಟರ್ ಹಚ್ಚಿದೆ.

ಚಿತ್ರ ಬಂದಾಗ ಆಟಗಾರರ ಅಂಗಿಗಳು ಬೆವರಿನಿಂದ ಮೈಗೆ ಅಂಟಿದ್ದವು. ಮೇಲಿನ ಮೂಲೆಯಲ್ಲಿ ಎರಡು ತಂಡಗಳ ಅಂಕ, ಪಕ್ಕದಲ್ಲಿ ನಾಲ್ಕನೆಯ ಭಾಗ ಎಂದಿತ್ತು, ಆಟದ ಕೊನೆಯ ಭಾಗ. ನಮ್ಮವರು ಹಿಂದಿದ್ದರು. ಇದು ಹಳೆಯ ಆಟವೇ ಎಂದು ಉಪ್ಪ ಕೇಳಿದರು. ನಾನು ಧ್ವನಿ ಹೆಚ್ಚಿಸಿದೆ. ಮೂರನೆಯ ಭಾಗದಲ್ಲಿ ಫ್ರೀಮ್ಯಾಂಟಲ್ ಎದ್ದು ನಿಂತ ರೀತಿಯನ್ನು ವೀಕ್ಷಕ ವಿವರಣೆಯವರು ಹೊಗಳುತ್ತಿದ್ದರು, ಅಂತರ ಮೂರೇ ಅಂಕಕ್ಕೆ ಇಳಿದಿತ್ತಂತೆ. ಉಪ್ಪನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಅವರು ಕೈಯನ್ನು ತಿರುಗಿಸಿ ಗಡಿಯಾರ ನೋಡಿದರು. ಬಹಳ ಹೊತ್ತು ನೋಡಿದರು.

"ಎಂತಾಯ್ತು ಬ್ಯಾರಿಗಳೇ?" ಎಂದ ಚೆನ್ನಪ್ಪ.

"ಫೈನಲ್ ಮೆಲ್ಬೋರ್ನಿನಲ್ಲಿ ಅಲ್ವಾ" ಎಂದರು ಉಪ್ಪ. "ಅಲ್ಲಿಯ ಗಂಟೆ ಬೇರೆ. ಹದಿನೇಳು ವರ್ಷ ಹೋಗಿ ಬಂದವನಿಗೆ ಅದು ನೆನಪಾಗ್ಲಿಲ್ಲ."

ಉಳಿದ ಅರ್ಧ ಗಂಟೆಯನ್ನು ಅವರು ಮಫ್ಲರನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಎದುರಾಳಿಗಳು ದೂರವಾಗುತ್ತ ಹೋದರು. ಹದಿನೈದು ಅಂಕದಿಂದ ಸೋಲು. ನಮ್ಮವರದ್ದು ಎಂಟು ಗೋಲು, ಹದಿನಾಲ್ಕು ಒಂದೊಂದು ಅಂಕ. ಹದಿನಾಲ್ಕು ಸಲ ತಪ್ಪಿದವರಿಗೆ ಕಪ್ ಯಾರು ಕೊಡುತ್ತಾರೆ ಎಂದರು ಉಪ್ಪ. ಚೆನ್ನಪ್ಪ ಆ ದಿನ ಒಂದೂ ತಮಾಷೆ ಮಾಡಲಿಲ್ಲ. ಬಾವುಟವನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೋದ.

ಮೂರನೆಯ ಭಾಗದ ವಿಡಿಯೊ ಮರುದಿನವೇ ಸಿಕ್ಕಿತು. ತೋರಿಸಲೇ ಎಂದು ಕೇಳಿದೆ. ಮುಗಿದದ್ದು ಗೊತ್ತಿದ್ದೂ ಹೇಗೆ ನೋಡುವುದು, ಬೇಡ ಎಂದರು. ಆದರೆ ತನ್ನ ತಪ್ಪಿನ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದರು. ಆಸ್ಪತ್ರೆಯಲ್ಲಿ ಟೀಚರಿಗೆ ಹೇಳಿ ನಗಿಸಿದರು, ಚೆನ್ನಪ್ಪನ ಅಂಗಡಿಯಲ್ಲಿ ಹೇಳಿದರು. ಪ್ರತಿ ಸಲವೂ ನಾನು ಪಕ್ಕದಲ್ಲೇ ಇರುತ್ತಿದ್ದೆ. ರಿಯಾಝ್ ಒಮ್ಮೆ ಫೋನಿನಲ್ಲಿ, ನಾನು ನಿನಗೆ ಗಂಟೆ ಹೇಳಿರಲಿಲ್ಲವೇ ಎಂದು ಕೇಳಿದರು. ಗದ್ದಲದಲ್ಲಿ ಗಮನಿಸಲಿಲ್ಲ ಎಂದೆ.

ಮುಂದಿನ ಫೆಬ್ರವರಿಯ ಕೊನೆಗೆ ಉಪ್ಪ ಹಾಸಿಗೆ ಹಿಡಿದರು. ರಕ್ತದೊತ್ತಡ ನಿಲ್ಲದೆ ಯಂತ್ರವನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ದೂರ ಹೊರಟವರು ಮತ್ತು ಹೋಗುವ ಹೊತ್ತು ಬಂತೆಂದು ತಿಳಿದವರು ಎಲ್ಲರಲ್ಲೂ ತಪ್ಪು ಬಿಟ್ಟುಕೊಡಿ ಎಂದು ಕೇಳಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಕೇಳಿಸಿಕೊಂಡವರು ಬಿಟ್ಟಿದ್ದೇನೆ ಎನ್ನಬೇಕು, ಆಮೇಲೆ ತಾವೂ ಹಾಗೆಯೇ ಕೇಳಿಕೊಳ್ಳಬೇಕು. ಯಾರೂ ವಿವರ ಕೇಳುವುದಿಲ್ಲ. ಉಪ್ಪ ನೆರೆಯವರನ್ನು, ಸಂಬಂಧಿಕರನ್ನು, ಚೆನ್ನಪ್ಪನನ್ನು ಕರೆಸಿ ಕೇಳಿಕೊಂಡರು. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕರೆದರು.

"ಸಣ್ಣವಳಿದ್ದಾಗ ನಾನು ಹತ್ತಿರ ಇರ್ಲಿಲ್ಲ. ಅದು ಒಂದು. ಮತ್ತೆ ಆ ಶನಿವಾರ ನಿನ್ನನ್ನು ಮೂರೂವರೆಗೆ ಎಬ್ಬಿಸಿ ಓಡಾಡಿಸಿದೆ, ನನಗೆ ಗಂಟೆಯ ಬೋಧ ಇಲ್ಲದೆ ಎಲ್ಲ ದಂಡ ಆಯ್ತು. ಅದನ್ನೂ ಬಿಟ್ಟುಕೊಡು ನಾಝಿ."

"ಬಿಟ್ಟಿದ್ದೇನೆ ಉಪ್ಪ."

ಅವರು ನನ್ನ ಮುಖ ನೋಡುತ್ತ ಕಾದರು. ಈಗ ನಾನು ಕೇಳಿಕೊಳ್ಳಬೇಕಿತ್ತು. ಎಲ್ಲರೂ ಹೇಳುವ ಮಾತೊಂದಿದೆ, ಅದಕ್ಕಿಂತ ಹೆಚ್ಚಿನದನ್ನು ಪದ್ಧತಿ ಕೇಳುವುದಿಲ್ಲ.

"ನನ್ನಿಂದ ಗೊತ್ತಿದ್ದೂ ಗೊತ್ತಿಲ್ಲದೆಯೂ ಆದದ್ದನ್ನು ನೀವೂ ಬಿಟ್ಟುಕೊಡಿ" ಎಂದೆ.

"ನಿನ್ನದು ಎಂತ ಉಂಟು" ಎಂದರು. ಆದರೂ ಪದ್ಧತಿಯಂತೆ, ಬಿಟ್ಟೆ ಎಂದು ಸ್ಪಷ್ಟವಾಗಿ ಹೇಳಿದರು.

ಆಮೇಲೆ ಹೊಸ ವರ್ಷದ ಆಟ ಯಾವಾಗ ಶುರು ಎಂದು ಕೇಳಿದರು. ಮಾರ್ಚ್ ಹದಿನಾಲ್ಕಕ್ಕೆ ಎಂದೆ. ಎಲ್ಲಿ ಎಂದು ಕೇಳಿದರು. ಮೆಲ್ಬೋರ್ನಿನಲ್ಲಿ ಎಂದೆ. ಗಂಟೆಯನ್ನು ಅವರು ಕೇಳಲಿಲ್ಲ. ನಾನೇ ಹೇಳಿದೆ: ಶುಕ್ರವಾರ, ನಮ್ಮ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಜುಮಾ ನಮಾಝ್ ಮುಗಿದು ಊಟವಾಗುವ ಹೊತ್ತಿಗೆ. ಮೂರು ಸಲ ನೋಡಿ ಖಚಿತ ಮಾಡಿಕೊಂಡಿದ್ದೇನೆ ಎಂದೆ. ಉಪ್ಪ ಕಣ್ಣು ಮುಚ್ಚಿಕೊಂಡಿದ್ದರು. ನಾನು ಬಗ್ಗಿ ಉಸಿರಿನ ಸದ್ದು ಕೇಳಿಸಿಕೊಂಡು, ಮತ್ತೊಮ್ಮೆ ಗಂಟೆ ಹೇಳಿದೆ.