ಆರನೆಯ ಪ್ಲಗ್ಗು

ಪ್ಲಗ್ಗು ಬಿಚ್ಚುವ ಪಾನ ಒಮ್ಮೆಲೇ ಹಗುರಾಯಿತು. ಹಲ್ಲು ಮುರಿದಂಥ ಸಣ್ಣ ಸದ್ದು. ಹಳೆಯ ಟ್ರಕ್ಕಿನ ಬಾನೆಟ್ಟಿನಡಿ ಬಗ್ಗಿದ್ದ ಲೆರಾಯ್ ಹಾಗೇ ನಿಂತುಬಿಟ್ಟ. ಹೊರಗೆಳೆದು ನೋಡುವ ಮೊದಲೇ ಅವನಿಗೆ ಗೊತ್ತಾಗಿತ್ತು. ಪ್ಲಗ್ಗಿನ ಬಿಳಿ ಪಿಂಗಾಣಿ ತಲೆ ಪಾನದೊಳಗೆ ಕೂತಿತ್ತು. ಕಬ್ಬಿಣದ ಬುಡ ಎಂಜಿನ್ನನ್ನು ಕಚ್ಚಿಕೊಂಡು ಅಲ್ಲೇ ಉಳಿದಿತ್ತು.

ಮೊದಲ ಐದು ಪ್ಲಗ್ಗುಗಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂದಿದ್ದವು. ಅವುಗಳ ಜಾಗದಲ್ಲಿ ಹೊಸವು ಕೂತಿದ್ದವು. ಈ ಆರನೆಯದು ಮಾತ್ರ ಕ್ಯಾಬಿನ್ನಿನ ಗೋಡೆಗೆ ಒತ್ತಿಕೊಂಡು, ಹೀಟರಿನ ಪೆಟ್ಟಿಗೆಯ ಕೆಳಗೆ ಅಡಗಿತ್ತು. ಈ ಟ್ರಕ್ಕು ಓಡಿಸುತ್ತಿದ್ದ ಮಾವ ಬದುಕಿದ್ದಾಗಲೂ ಅದನ್ನು ಯಾರೂ ಮುಟ್ಟಿದಂತಿರಲಿಲ್ಲ. ಹೀಗೇ ಬಿಟ್ಟು ಸ್ಟಾರ್ಟ್ ಮಾಡೋಣವೆಂದರೆ ಒಳಗಿನ ಚೂರು ಸಿಲಿಂಡರಿಗೆ ಬಿದ್ದು ಎಂಜಿನ್ನೇ ಸಾಯಬಹುದು. ಅದಕ್ಕಿಂತ ನಡೆದು ಹೋಗುವುದೇ ವಾಸಿ. ಆದರೆ ಆಸ್ಪತ್ರೆ ಮುಟ್ಟಬೇಕಾದದ್ದು ಅವನಲ್ಲ.

ಹಿಂದೆ ಹೋಗಾನಿನ, ಅಂದರೆ ಮರದ ದಿಮ್ಮಿಗಳ ದುಂಡು ಮನೆಯ, ಬಾಗಿಲಿಗೆ ಇಳಿಬಿಟ್ಟಿದ್ದ ಕಂಬಳಿಯ ಆಚೆಯಿಂದ ಉಸಿರಿನ ಸದ್ದು ಬರುತ್ತಿತ್ತು. ಅತ್ತೆ ದೇಸ್ಬಾಳ ಉಸಿರು. ಮಂಗಳವಾರದ ಡಯಾಲಿಸಿಸ್ ಕೆಸರಿನಿಂದಾಗಿ ತಪ್ಪಿಹೋಗಿತ್ತು. ಅಂದಿನಿಂದ ಅವಳು ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಕಾಲ ಕಳೆದಿದ್ದಳು. ಪಾದಗಳು ಊದಿ ಬೂಟಿಗೆ ಹಿಡಿಸುತ್ತಿರಲಿಲ್ಲ. ಇದನ್ನೆಲ್ಲ ಲೆರಾಯ್ ಕಣ್ಣಾರೆ ಕಂಡದ್ದಲ್ಲ, ನಾದಿನಿ ವರ್ನಾ ಹೇಳಿದ್ದು. ವರ್ನಾಳೇ ತಾಯಿಯನ್ನು ಚಿನ್ಲಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು. ನಿನ್ನೆ ಡಾಂಬರು ರಸ್ತೆಯ ಬಳಿಯ ಗಂಡನ ಮನೆಯಿಂದ ಹೆರಿಗೆ ನೋವೆಂದು ಅವಳನ್ನೇ ಆಸ್ಪತ್ರೆಗೆ ಒಯ್ದರು. ಹೆಂಡತಿ ಲುಸಿಂಡಾ ದೂರದ ಫ್ಲ್ಯಾಗ್‌ಸ್ಟಾಫಿನ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಆಸ್ಪತ್ರೆಯ ವ್ಯಾನು ಕೆಸರಿಗೆ ಹೆದರಿ ಈ ಕಡೆ ತಲೆ ಹಾಕುತ್ತಿರಲಿಲ್ಲ. ಮೈಲಿಗಟ್ಟಲೆ ನೆಲದಲ್ಲಿ ಈಗ ಇದ್ದದ್ದು ಅತ್ತೆ, ಅಳಿಯ, ಕುರಿಗಳು, ಒಂದು ನಾಯಿ.

ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಲೆರಾಯ್ ಅತ್ತೆಯ ಮುಖ ನೋಡಿರಲಿಲ್ಲ. ನೋಡಿದ ಅಳಿಯ ಕುರುಡನಾಗುತ್ತಾನೆಂಬುದು ಅವರ ಜನರ ಹಳೆಯ ನಂಬಿಕೆ. ಅವಳು ಒಳಗೆ ಬಂದರೆ ಇವನು ಹೊರಗೆ ನಡೆಯುತ್ತಿದ್ದ. ದೂರದಲ್ಲಿ ಅವಳ ಶಾಲು ಕಂಡರೆ ತಲೆ ತಗ್ಗಿಸುತ್ತಿದ್ದ. ಅಂಗಡಿ, ಸಂತೆಗಳಲ್ಲಿ ಲುಸಿಂಡಾ ಮುಂದೆ ಹೋಗಿ ಕೆಮ್ಮಿ ಎಚ್ಚರಿಸುತ್ತಿದ್ದಳು. ಇತ್ತೀಚಿನ ಹುಡುಗರು ಇದನ್ನೆಲ್ಲ ಬಿಟ್ಟಿದ್ದಾರೆ. ಆದರೆ ಲೆರಾಯ್‌ಗೆ ತನ್ನ ಸೋದರಮಾವನ ನೆನಪಿತ್ತು. ಕುರಿಗಳ ಉಣ್ಣೆ ಕತ್ತರಿಸುವ ಗದ್ದಲದಲ್ಲಿ ಅವನು ತನ್ನ ಅತ್ತೆಗೆ ಎದುರಾಗಿಬಿಟ್ಟಿದ್ದ. ಕೊನೆಗಾಲದಲ್ಲಿ ಅವನ ಎರಡೂ ಕಣ್ಣು ಹೋದವು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮನೆಯವರು ಡಾಕ್ಟರ ಎದುರಿಗೆ ಹೌದು ಹೌದು ಎಂದರು.

ಹೊತ್ತು ಏರುತ್ತಿತ್ತು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ನೆಲ ಈಗ ಕಲ್ಲಿನಂತಿದೆ. ಬಿಸಿಲು ಬಲಿತರೆ ಮತ್ತೆ ಕೆಂಪು ರಾಡಿ. ಮಂಗಳವಾರ ವರ್ನಾಳ ಕಾರು ಅದೇ ರಾಡಿಯಲ್ಲಿ ಹೊಟ್ಟೆಯ ತನಕ ಹೂತಿತ್ತು. ಅವನು ತುಕ್ಕು ಬಿಡಿಸುವ ಎಣ್ಣೆಯನ್ನು ಪ್ಲಗ್ಗಿನ ಸುತ್ತ ಮತ್ತೊಮ್ಮೆ ಸುರಿದು ಕಾದ. ಪಾನ ಕೂರಿಸಿ, ಅದರ ಹಿಡಿಗೆ ಕೊಳವೆ ಸಿಕ್ಕಿಸಿ ಎಳೆದ. ಪಾನ ವಾಲಿ ಜಾರಿತು, ಗೆಣ್ಣು ಕಬ್ಬಿಣಕ್ಕೆ ಬಡಿಯಿತು. ಇನ್ನೆರಡು ಸಲ ಹೀಗೆ ಜಾರಿದರೆ ಪ್ಲಗ್ಗಿನ ಮೂಲೆಗಳು ಸವೆದು ಹಿಡಿತವೇ ಸಿಗುವುದಿಲ್ಲ. ಯಾರಾದರೂ ಆ ಸಂದಿಗೆ ಕೈ ಹಾಕಿ ಪಾನವನ್ನು ನೆಟ್ಟಗೆ ಒತ್ತಿ ಹಿಡಿಯಬೇಕು. ಅವನ ಕೈ ಅಲ್ಲಿ ಹೋಗುತ್ತಿರಲಿಲ್ಲ. ಇನ್ನು ಅಲ್ಲಿದ್ದದ್ದು ಅತ್ತೆಯ ಕೈ ಮಾತ್ರ.

"ಮೋಸಿ," ಎಂದು ಕಂಬಳಿಯ ಆಚೆಯಿಂದ ಅತ್ತೆ ನಾಯಿಯನ್ನು ಕರೆದಳು. ಅವರ ಮಾತಿನಲ್ಲಿ ಮೋಸಿ ಎಂದರೆ ಬೆಕ್ಕು. ನಾಯಿಗೆ ಆ ಹೆಸರಿಟ್ಟವಳು ಲುಸಿಂಡಾ. ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಅತ್ತೆ ಅದಕ್ಕೇ ಹೇಳುತ್ತಿದ್ದಳು. "ಅಲ್ಲೇನೋ ಮುರೀತಲ್ಲಾ, ಏನು ಅಂತ ಅವರನ್ನ ಕೇಳು."

ಅವನೂ ನಾಯಿಗೇ ಹೇಳಿದ. ಮುರಿದದ್ದು, ಕಚ್ಚಿಕೊಂಡದ್ದು, ತನ್ನ ಕೈ ಹಿಡಿಸದ್ದು. ತಾನು ಡಾಂಬರು ರಸ್ತೆಯ ಅಂಗಡಿಯ ತನಕ ಓಡಿಹೋಗಿ ಫೋನು ಮಾಡುತ್ತೇನೆ ಎಂದೂ ಹೇಳಿದ.

ಒಳಗೆ ಗೋಡೆ ಹಿಡಿದು ಎದ್ದ ಸದ್ದಾಯಿತು.

"ಅವರು ಹೋಗಿ ಬರೋದ್ರೊಳಗೆ ನಾನಿರಲ್ಲ, ಮೋಸಿ," ಅಂದಳು ಅತ್ತೆ, ಸಂತೆಗೆ ಹೊರಟವಳ ಹಾಗೆ. "ಮಗ್ಗದ ಕೈ ನಂದು, ಸಣ್ಣದಿದೆ. ಕಣ್ಣು ಕಟ್ಕೊಳ್ಳೋಕೆ ಹೇಳು."

ಲೆರಾಯ್ ಕುತ್ತಿಗೆಯ ಕರವಸ್ತ್ರ ಬಿಚ್ಚಿ ಕಣ್ಣಿಗೆ ಬಿಗಿದುಕೊಂಡ. ಗಂಟು ಎರಡು ಸಲ ತಪ್ಪಿತು. ಕಂಬಳಿ ಸರಿದ ಸದ್ದು, ಕಾಲೆಳೆಯುವ ಸದ್ದು, ನಡುನಡುವೆ ನಿಂತು ಉಸಿರು ಹಿಡಿಯುವ ಸದ್ದು. ಆಮೇಲೆ ಉಣ್ಣೆಯ ವಾಸನೆ, ಜೊತೆಗೆ ಔಷಧಿಯದೋ ಕಾಯಿಲೆಯದೋ ಒಂದು ಕಹಿ ವಾಸನೆ, ತೀರ ಹತ್ತಿರ. ಬಟ್ಟೆ ಜಾರಿದರೆ ಎಂದು ಅವನು ಅದರೊಳಗೂ ರೆಪ್ಪೆಗಳನ್ನು ಗಟ್ಟಿಯಾಗಿ ಮುಚ್ಚಿದ.

ಡಯಾಲಿಸಿಸ್ಸಿನ ಸೂಜಿ ಚುಚ್ಚುವ ಎಡಗೈಯನ್ನು ಅವಳು ಎದೆಗೆ ಮಡಚಿಕೊಂಡಿರಬೇಕು. ಇನ್ನೊಂದು ಕೈ ಎಂಜಿನ್ನಿನ ಸಂದಿಗೆ ಇಳಿಯುವಾಗ ಬಳೆ ಕಬ್ಬಿಣಕ್ಕೆ ತಾಗಿತು. ಒಡೆದ ಪಿಂಗಾಣಿಯ ಪುಡಿಯನ್ನು ಅವಳು ಮೊದಲು ಬೆರಳಲ್ಲೇ ಹೆಕ್ಕಿ ತೆಗೆದಳು. ಆಮೇಲೆ ಪಾನ ನೆಟ್ಟಗೆ ಕೂತ ಸದ್ದಾಯಿತು.

"ಹಿಡ್ದಿದೀನಿ ಅಂತ ಹೇಳು, ಮೋಸಿ."

ಲೆರಾಯ್ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿದ, ಆಮೇಲೆ ಬಿಚ್ಚುವ ಕಡೆಗೆ. ಏನೂ ಆಗಲಿಲ್ಲ. ಮತ್ತೆ ಬಿಗಿದ, ಮತ್ತೆ ಎಳೆದ. ಕೊಳವೆ ಬಾಗಿದಂತಾಯಿತು. ಇನ್ನು ಎಳೆದರೆ ಬುಡವೂ ಕತ್ತರಿಸಿ ಹೋದೀತೆಂದು ಅವನು ನಿಲ್ಲಿಸಿದ. ಬೆವರು ಬಟ್ಟೆಯೊಳಗೆ ಇಳಿದು ಕಣ್ಣು ಉರಿಯುತ್ತಿತ್ತು. ಅವಳ ಉಸಿರು ಈಗ ನೀರಿನಲ್ಲಿ ಗುಳ್ಳೆ ಎದ್ದ ಹಾಗೆ ಕೇಳುತ್ತಿತ್ತು.

"ಅಲ್ಲಾಡ್ತು," ಅಂದಳು ಅವಳು.

"ನನಗೆ ಗೊತ್ತಾಗಲಿಲ್ಲ, ಮೋಸಿ."

"ನನ್ನ ಅಂಗೈಗೆ ಗೊತ್ತಾಯ್ತು."

ಅವನು ಎಳೆದ. ಒಣ ಬಾಗಿಲು ತೆರೆದಂತೆ ಕಬ್ಬಿಣ ಕಿರುಗುಟ್ಟಿತು, ತಡೆಯಿತು, ಮತ್ತೆ ಕಿರುಗುಟ್ಟಿತು. ಪಾನ ಕೊನೆಗೆ ಕೈಯಲ್ಲೇ ತಿರುಗತೊಡಗಿದಾಗ ಅವಳು ಕೈ ತೆಗೆದಳು. ಕಾಲೆಳೆಯುವ ಸದ್ದು ಹಿಂದಕ್ಕೆ ಹೋಗಿ, ಕಂಬಳಿ ಬಿದ್ದ ಮೇಲಷ್ಟೇ ಲೆರಾಯ್ ಬಟ್ಟೆ ಬಿಚ್ಚಿದ. ಒಂದು ಕ್ಷಣ ಎಲ್ಲ ಮಂಜುಮಂಜಾಗಿ ಕಂಡು ಅವನ ಜೀವ ಬಾಯಿಗೆ ಬಂತು. ಆಮೇಲೆ ಟ್ರಕ್ಕು ಕಂಡಿತು, ಕುರಿದೊಡ್ಡಿ ಕಂಡಿತು.

ಪ್ಲಗ್ಗಿಲ್ಲದ ತೂತನ್ನು ತೆರೆದಿಟ್ಟು ಕೀಲಿ ತಿರುಗಿಸಿದ. ಎಂಜಿನ್ನು ಒಳಗಿದ್ದ ಚೂರುಗಳನ್ನು ಫಟ್ಟೆಂದು ಉಗುಳಿತು. ಹೊಸ ಪ್ಲಗ್ಗು ಹಾಕಿದ ಮೇಲೆ ಒಂದೆರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು.

ಸೀಟಿನ ನಡುವೆ, ಕ್ಯಾಬಿನ್ನಿನ ಚಾವಣಿಯಿಂದ ಅವನು ಇನ್ನೊಂದು ಕಂಬಳಿ ಇಳಿಬಿಟ್ಟು ಕಟ್ಟಿದ. ಅತ್ತೆ ಅದರಾಚೆ ಹತ್ತಿ ಕೂತಳು. ಹತ್ತಲು ಬಹಳ ಹೊತ್ತು ಹಿಡಿಯಿತು, ಅವನು ಮುಖ ತಿರುಗಿಸಿ ಕಾದ. ನೆಲ ಆಗಲೇ ಬೆವರುತ್ತಿತ್ತು. ಕೆಂಪು ಏರಿನಲ್ಲಿ ಹಿಂದಿನ ಚಕ್ರಗಳು ಜಾರಿದವು, ಟ್ರಕ್ಕು ಅಡ್ಡಡ್ಡ ಹೊರಳಿ ಕಮರಿಯ ಅಂಚಿಗೆ ಹೋಗಿ ಮತ್ತೆ ನೆಟ್ಟಗಾಯಿತು. ಆರೂ ಸಿಲಿಂಡರುಗಳು ಬಿಡದೆ ಎಳೆದವು. ಏರು ಮುಗಿದಾಗ ಲೆರಾಯ್ ತಾನು ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದನ್ನು ಕಂಡುಕೊಂಡ.

ಆಗಲೇ ಅವನಿಗೆ ಗೊತ್ತಾದದ್ದು, ಕಂಬಳಿಯ ಆಚೆ ಸದ್ದಿಲ್ಲವೆಂದು.

ಎಂಜಿನ್ನಿನ ಸದ್ದಿನಲ್ಲಿ ಕೇಳುತ್ತಿಲ್ಲವೇನೋ ಎಂದು ವೇಗ ತಗ್ಗಿಸಿದ. ಏನಿಲ್ಲ. ಮಾತಾಡಿಸೋಣವೆಂದರೆ ನಾಯಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಗಟ್ಟಿಯಾಗಿ ಕೆಮ್ಮಿದ. ಲುಸಿಂಡಾಗೆ ಏನೆಂದು ಹೇಳುವುದು? ಪಕ್ಕದಲ್ಲೇ ಕೂತಿದ್ದೆ, ನೋಡಲಿಲ್ಲ ಎಂದೇ?

"ಅತ್ತೇ," ಅಂದ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಲೆರಾಯ್ ಕಂಬಳಿ ಸರಿಸಿದ.

ಚಿಕ್ಕ ಮುಖ. ಕಿಟಕಿಗೆ ಒರಗಿತ್ತು. ಲುಸಿಂಡಾಳ ಹುಬ್ಬುಗಳೇ, ಬೆಳ್ಳಗಾಗಿದ್ದವು. ಗಲ್ಲಕ್ಕೆ ಎಂಜಿನ್ನಿನ ಮಸಿ ಮೆತ್ತಿತ್ತು. ಅವನು ನೋಡುತ್ತಲೇ ಇದ್ದಂತೆ ರೆಪ್ಪೆಗಳು ತೆರೆದವು, ತೂಕಡಿಕೆಯ ಕಣ್ಣುಗಳು ಅವನ ಮುಖವನ್ನು ಹುಡುಕಿ ಅಲ್ಲೇ ನಿಂತವು.

"ನನ್ನನ್ನೇನ್ ನೋಡ್ತೀಯಪ್ಪಾ," ಅಂದಳು ದೇಸ್ಬಾ. "ರಸ್ತೆ ನೋಡು."

ಅವನು ರಸ್ತೆಯತ್ತ ತಿರುಗಿದ. ಡಾಂಬರಿನ ಕಪ್ಪು ಪಟ್ಟಿ ದೂರದಲ್ಲಿ ಶುರುವಾಗಿತ್ತು. ನೋಡನೋಡುತ್ತ ಅದು ಕದಡಿತು, ಎರಡಾಯಿತು, ಕರಗಿಹೋಯಿತು. ಅವನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ರೆಪ್ಪೆ ಬಡಿದ. ಬಿಸಿ ನೀರು ಕೆನ್ನೆಯ ಮೇಲಿಳಿಯಿತು. ಬೇಲಿಯ ಕಂಬಗಳು ಒಂದೊಂದಾಗಿ ಮತ್ತೆ ಕಾಣತೊಡಗಿದವು, ಅವುಗಳ ನಡುವಿನ ತಂತಿ ಕಂಡಿತು, ತಂತಿಯ ಮೇಲೆ ಸಿಕ್ಕಿಕೊಂಡಿದ್ದ ಉಣ್ಣೆಯ ಎಳೆಯೂ ಕಂಡಿತು.